ಪಾಲಿಥೀನ್ ಶೀಟ್ ಹಾಸಿ ಹಿತ್ತಲ ಲಾನ್ ಉಳಿಸಿಕೊಂಡದ್ದು: ಮೂರು ಮಳೆಗಾಲದ ನಂತರದ ವಿಮರ್ಶೆ

ಇದು ಬ್ರ್ಯಾಂಡ್ ಇರುವ ಸಾಮಾನಲ್ಲ. ಪ್ಲಾಸ್ಟಿಕ್ ಅಂಗಡಿಯಲ್ಲಿ ರೋಲ್‌ನಿಂದ ಕತ್ತರಿಸಿ ಕೆಜಿ ಲೆಕ್ಕದಲ್ಲಿ ಕೊಡುವ ಪಾಲಿಥೀನ್ ಶೀಟ್. ಬಣ್ಣ ಇಲ್ಲದ್ದು, ಆಚೆ ಬದಿ ಕಾಣುವಂಥದ್ದು. 200 ಗೇಜ್, ಅಂದರೆ 50 ಮೈಕ್ರಾನ್ ದಪ್ಪ. ಬೇಸಿಗೆಯಲ್ಲಿ ಇದನ್ನು ಒದ್ದೆ ಮಣ್ಣಿನ ಮೇಲೆ ಹಾಸಿ, ಬಿಸಿಲಿನ ಶಾಖದಲ್ಲಿ ಕಳೆ ಬೀಜ ಸಾಯಿಸುವುದು ಉದ್ದೇಶ. ಮೈಸೂರಿನ ನಮ್ಮ ಹಿತ್ತಲಲ್ಲಿ ಇವತ್ತು ಬರಿಗಾಲಲ್ಲಿ ಓಡಾಡುವಂಥ ಲಾನ್ ಇದೆ ಅಂದರೆ ಅದರಲ್ಲಿ ದೊಡ್ಡ ಪಾಲು ಈ ಶೀಟ್‌ನದ್ದು. ಮಾಲಿ ಬರಲಿಲ್ಲ, ಗುತ್ತಿಗೆ ಕೊಡಲಿಲ್ಲ. ಮನೆಯವರೇ ಮಾಡಿದ ಕೆಲಸ.

ಜಾಗ 20 ಅಡಿಗೆ 20 ಅಡಿ, ಕೆಂಪು ಮಣ್ಣು. ಲಾನ್ ಅನ್ನೋದು ಹೆಸರಿಗೆ ಮಾತ್ರ ಉಳಿದಿತ್ತು. ಪಾರ್ಥೇನಿಯಂ, ಉತ್ತರಾಣಿ, ಮುಟ್ಟಿದರೆ ಮುನಿ, ಇವೆಲ್ಲದರ ನಡುವೆ ಜೇಕು. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಮೇಲಿನ ಮಣ್ಣು ತೆಗೆಸಿ, ಹೊಸ ಮಣ್ಣು ಹೊಡೆಸಿ, ರೆಡಿ ಹುಲ್ಲಿನ ಚಾಪೆ ಹಾಸಿಸಿ. ನನಗೆ ಇದು ಸರಿ ಅನಿಸಲಿಲ್ಲ. ಎಲ್ಲಿಂದಲೋ ಬರುವ ಲೋಡು ಮಣ್ಣಿನಲ್ಲಿ ಅದರದ್ದೇ ಕಳೆ ಬೀಜ ಇರುತ್ತದೆ. ಕೆಳಗಿನ ಮಣ್ಣಿನಲ್ಲಿ ಜೇಕಿನ ಗೆಡ್ಡೆ ಇದ್ದರೆ ಮೇಲೆ ಎಷ್ಟು ದುಡ್ಡಿನ ಹುಲ್ಲು ಹಾಸಿದರೂ ಅದು ತೂರಿಕೊಂಡು ಬರುತ್ತದೆ. ಮೊದಲು ಸರಿ ಮಾಡಬೇಕಾದ್ದು ಮಣ್ಣನ್ನು, ಅಲ್ವಾ?

ಕಳೆನಾಶಕ ಸಿಂಪಡಿಸುವ ಯೋಚನೆ ನನಗೆ ಇರಲಿಲ್ಲ. ಮಕ್ಕಳು ಆಡುವ ಜಾಗ ಅದು. ಗ್ಲೈಫೋಸೇಟ್ ಎಂಬ ಕಳೆನಾಶಕವನ್ನು ಕೀಟ ನಿಯಂತ್ರಣ ಕೆಲಸದವರು ಮಾತ್ರ ಬಳಸಬೇಕು ಅಂತ ಕೇಂದ್ರ ಸರ್ಕಾರವೇ 2022ರಲ್ಲಿ ಅಧಿಸೂಚನೆ ಹೊರಡಿಸಿತ್ತು.

ಬಿಸಿಲಿನಿಂದ ಮಣ್ಣು ಕಾಯಿಸುವ ಈ ವಿಧಾನವನ್ನು ಇಸ್ರೇಲಿನ ವಿಜ್ಞಾನಿ ಯಾಕೋವ್ ಕಟಾನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಅವರ ಗುರಿ ಮಣ್ಣಿನಿಂದ ಬರುವ ಗಿಡದ ರೋಗಗಳು. ಕಳೆ ಬೀಜಕ್ಕೂ ಅದು ಕೆಲಸ ಮಾಡುತ್ತದೆ. ಸ್ವಚ್ಛವಾಗಿ ಕಾಣುವ ಶೀಟ್ ಬಿಸಿಲನ್ನು ಮಣ್ಣಿನ ತನಕ ಬಿಡುತ್ತದೆ, ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಕಪ್ಪು ಶೀಟ್ ಹಾಕಿದರೆ ಪ್ಲಾಸ್ಟಿಕ್ಕೇ ಕಾಯುತ್ತದೆ, ಮಣ್ಣು ಅಷ್ಟು ಕಾಯುವುದಿಲ್ಲ. ಮಣ್ಣು ಒದ್ದೆಯಾಗಿರಲೇಬೇಕು. ಒದ್ದೆ ಮಣ್ಣಿನಲ್ಲಿ ಶಾಖ ಆಳಕ್ಕೆ ಇಳಿಯುತ್ತದೆ, ನೀರು ಕುಡಿದ ಬೀಜ ಒಣ ಬೀಜಕ್ಕಿಂತ ಬೇಗ ಸಾಯುತ್ತದೆ.

ನಾವು ಮಾರ್ಚ್ ಮಧ್ಯದಲ್ಲಿ ಶುರು ಮಾಡಿದೆವು. ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ ಬೇರು ಸಮೇತ ಕಿತ್ತೆವು. ಗ್ಲೌಸ್, ಮಾಸ್ಕ್, ತುಂಬು ತೋಳಿನ ಬಟ್ಟೆ ಇಲ್ಲದೆ ಅದನ್ನು ಮುಟ್ಟಬೇಡಿ, ಚರ್ಮಕ್ಕೂ ಉಸಿರಿಗೂ ಕೆಟ್ಟದ್ದು. (ಮಳೆಗಾಲದಲ್ಲಿ ಆ ಗಿಡದ ಎಲೆ ತಿನ್ನುವ, ಬೆನ್ನ ಮೇಲೆ ಕಂದು ಗೆರೆ ಇರುವ ಪುಟ್ಟ ದುಂಬಿ ಕಂಡರೆ ಸಾಯಿಸಬೇಡಿ. 1984ರಲ್ಲಿ ಬೆಂಗಳೂರಿನಲ್ಲಿ ಬೇಕಂತಲೇ ಬಿಟ್ಟ ಮೆಕ್ಸಿಕೋ ದುಂಬಿ ಅದು.) ಆಮೇಲೆ ಪಿಕಾಸಿಯಿಂದ ಅಗೆದು, ಹೆಂಟೆ ಒಡೆದು, ಕಲ್ಲು ಆರಿಸಿ, ಮಟ್ಟ ಮಾಡಿ, ಚೆನ್ನಾಗಿ ನೀರು ಕುಡಿಸಿದೆವು. ಶೀಟ್ ಮಣ್ಣಿಗೆ ಅಂಟಿಕೊಂಡಂತೆ ಬಿಗಿಯಾಗಿ ಎಳೆದು, ಅಂಚನ್ನು ಸುತ್ತಲೂ ಚಿಕ್ಕ ಕಾಲುವೆ ತೋಡಿ ಮಣ್ಣಲ್ಲಿ ಹೂತೆವು. ನಾಲ್ಕರಿಂದ ಆರು ವಾರ ಬೇಕು. ಅಶ್ವಿನಿ ಮಳೆ ಬಂದು ಶೀಟ್ ಮೇಲೆ ನೀರು ನಿಂತರೆ ಗುಡಿಸಿಬಿಡಿ, ಇಲ್ಲದಿದ್ದರೆ ಶಾಖ ಕಡಿಮೆಯಾಗುತ್ತದೆ.

ಶೀಟ್ ತೆಗೆದ ಮೇಲೆ ಮಣ್ಣನ್ನು ಮತ್ತೆ ಆಳಕ್ಕೆ ಅಗೆಯಬಾರದು. ಕೆಳಗೆ ಬದುಕಿರುವ ಬೀಜ ಮೇಲೆ ಬಂದುಬಿಡುತ್ತದೆ. ಮೊದಲ ಮಳೆಗಾಲದಲ್ಲೇ ವ್ಯತ್ಯಾಸ ಕಂಡಿತು. ಪಾರ್ಥೇನಿಯಂ ಅಲ್ಲೊಂದು ಇಲ್ಲೊಂದು, ಉತ್ತರಾಣಿ ಹೆಚ್ಚುಕಡಿಮೆ ಇಲ್ಲ.

ಜೇಕಿನ ವಿಷಯ ಬೇರೆ. ಇಲ್ಲಿ ಶೀಟ್‌ಗೆ ಪೂರ್ತಿ ಅಂಕ ಕೊಡಲಾರೆ. ಮೇಲಿನ ಗೆಡ್ಡೆಗಳು ಸೊರಗಿದವು, ಆಳದವು ಉಳಿದುಕೊಂಡವು. ಜೇಕನ್ನು ಗುರುತಿಸುವುದು ಸುಲಭ. ಹೂ ಬಿಡುವ ದಂಟನ್ನು ಬೆರಳಲ್ಲಿ ಹೊರಳಿಸಿದರೆ ಮೂರು ಮೂಲೆ ಸಿಗುತ್ತದೆ. ಎಲೆ ಹಿಡಿದು ಎಳೆದರೆ ಎಲೆ ಮಾತ್ರ ಬರುತ್ತದೆ. ಕೆಳಗೆ ದಾರದಂಥ ಬೇರಿನಲ್ಲಿ ಜಪಮಣಿ ಪೋಣಿಸಿದ ಹಾಗೆ ಗೆಡ್ಡೆಗಳಿರುತ್ತವೆ, ಒಂದು ಉಳಿದರೂ ಮತ್ತೆ ಚಿಗುರುತ್ತದೆ. ಹಾಗಾಗಿ ಮಳೆ ಬಿದ್ದು ಮಣ್ಣು ಮೆತ್ತಗಾದಾಗ ಕೈಗುದ್ದಲಿಯಿಂದ ಪಕ್ಕದಲ್ಲಿ ಸಡಿಲಿಸಿ, ಸರವನ್ನೇ ಎತ್ತಬೇಕು. ಹೊಸ ಚಿಗುರು ಕಂಡ ಕೂಡಲೇ ತೆಗೆದರೆ ಗೆಡ್ಡೆ ತನ್ನಲ್ಲಿ ಕೂಡಿಟ್ಟದ್ದನ್ನೇ ಖರ್ಚು ಮಾಡಬೇಕಾಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಅದು ಹೊಸ ಗೆಡ್ಡೆ ಕಟ್ಟುತ್ತದೆ. ಕಿತ್ತದ್ದನ್ನು ಕಾಂಪೋಸ್ಟ್ ಗುಂಡಿಗೆ ಹಾಕಲೇಬೇಡಿ. ತಾರಸಿ ಮೇಲೆ ಬಿಸಿಲಿಗೆ ಹರಡಿ, ಗರಿಗರಿ ಒಣಗಿಸಿ. ಒಣಗಿದ ಗೆಡ್ಡೆ ಸಾಯುತ್ತದೆ.

ಇದು ಬೇಸರದ ಕೆಲಸ ಅಂತ ಜನ ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಬೆಳಗಿನ ಕಾಫಿ ಆದ ಮೇಲೆ ಸ್ವಲ್ಪ ಹೊತ್ತು ಕೂತರೆ ಸಾಕು. ಎರಡನೇ ಮಳೆಗಾಲಕ್ಕೆ ಜೇಕು ತೇಪೆ ತೇಪೆಯಾಗಿ ಉಳಿದಿತ್ತು. ಈಗ ಕಾಂಪೌಂಡ್ ಬದಿಯಲ್ಲಿ ಮಾತ್ರ ಇದೆ. ಅದಕ್ಕೆ ಇನ್ನೊಂದು ಕಾರಣ, ಹುಲ್ಲು ದಟ್ಟವಾಯಿತು. ಜೇಕಿಗೆ ನೆರಳು ಆಗುವುದಿಲ್ಲ.

ಹುಲ್ಲಿಗೆ ಬಂದರೆ, ಬಿಸಿಲಿನ ಭಾಗಕ್ಕೆ ನಮ್ಮ ಗರಿಕೆಯನ್ನೇ ಹಾಕಿದೆವು. ಕೊಟ್ಟಿಗೆ ಗೊಬ್ಬರ ಹರಡಿ, ಮೃಗಶಿರಾ ಮಳೆಯಲ್ಲಿ ಬೇರಿರುವ ತುಂಡುಗಳನ್ನು ಗೇಣು ದೂರದಲ್ಲಿ ನೆಟ್ಟರೆ ಅದು ತಾನೇ ಹಬ್ಬುತ್ತದೆ. ಮಾವಿನ ಮರದ ಕೆಳಗೆ ಗರಿಕೆ ಬದುಕುವುದಿಲ್ಲ. ಅಲ್ಲಿಗೆ ನರ್ಸರಿಯವರು ಬಫೆಲೋ ಗ್ರಾಸ್ ಅಂತ ಮಾರುವ ಅಗಲ ಎಲೆಯ ಹುಲ್ಲು ಹಾಕಿದೆವು. ಆ ನೆರಳಲ್ಲಿ ಶೀಟ್ ಕೂಡ ಕಾಯುವುದಿಲ್ಲ, ಕೈಯಲ್ಲೇ ಕಳೆ ತೆಗೆಯಬೇಕು. ಕತ್ತರಿಸಲು ತಳ್ಳುವ ಮೆಷಿನ್ ಇದೆ, ಇಷ್ಟು ಜಾಗಕ್ಕೆ ಕರೆಂಟಿನದ್ದು ಬೇಡ. ಒಂದು ಸಲಕ್ಕೆ ಹುಲ್ಲಿನ ಎತ್ತರದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕತ್ತರಿಸಬೇಡಿ.

ಶೀಟ್‌ನ ದೊಡ್ಡ ಕೊರತೆ ಬಾಳಿಕೆ. ಸಾಮಾನ್ಯ ಪಾಲಿಥೀನ್ ಬಿಸಿಲಿಗೆ ಪೆಡಸಾಗುತ್ತದೆ. ಮರುವರ್ಷ ಪಕ್ಕದ ಪಟ್ಟಿಗೆ ಹಾಸಲು ಬಿಡಿಸಿದಾಗ ಮಡಿಕೆ ಇದ್ದಲ್ಲೆಲ್ಲ ಹರಿಯಿತು. ಚೂರಾಗಿ ಮಣ್ಣಿಗೆ ಸೇರಿದರೆ ಆರಿಸುವುದು ಬಹಳ ಕಷ್ಟ, ಆದ್ದರಿಂದ ಆರು ವಾರ ದಾಟಿಸಬೇಡಿ. ಎರಡು ಮೂರು ಸಲ ಬಳಸುವ ಯೋಚನೆ ಇದ್ದರೆ ಪಾಲಿಹೌಸ್‌ಗೆ ಬಳಸುವ ಯುವಿ ತಡೆಯುವ ಶೀಟ್ ಕೊಳ್ಳಿ. ದುಡ್ಡು ಜಾಸ್ತಿ, ಆದರೆ ಬಾಳುತ್ತದೆ.

ಕೊಳ್ಳುವಾಗ ಅಂಚು ಹೂಳಲು ಪ್ರತಿ ಬದಿಗೂ ಒಂದು ಅಡಿ ಸೇರಿಸಿ ಅಳತೆ ಕೊಡಿ. 50 ಮೈಕ್ರಾನ್ ಶೀಟ್ ಒಂದು ಚದರ ಮೀಟರ್‌ಗೆ ಸುಮಾರು 46 ಗ್ರಾಂ ತೂಗುತ್ತದೆ. ನಮ್ಮಷ್ಟು ಜಾಗಕ್ಕೆ ಹತ್ತಿರ ಹತ್ತಿರ 2 ಕೆಜಿ ಸಾಕು. ಏಪ್ರಿಲ್‌ನಲ್ಲೇ ಮಳೆ ಹಿಡಿಯುವ ಕೊಡಗಿನಂಥ ಕಡೆ ಇರುವವರು ಫೆಬ್ರವರಿಯಲ್ಲೇ ಹಾಸುವುದು ಒಳ್ಳೆಯದು.