ಪಂದಿ ಕರಿಗೆ ಫುಲ್ ಮಾರ್ಕ್ಸ್, ಸ್ಪೀಕರಿಗೆ ಸೊನ್ನೆ
ಮಡಿಕೇರಿಯಲ್ಲಿ ನಮ್ಮ ಬೀದಿಯ ತುದಿಗಿರುವ ಬಾರ್ ಅಂಡ್ ರೆಸ್ಟೋರೆಂಟ್ ಇದು. ಪಂದಿ ಕರಿ, ಅಂದರೆ ಕೊಡಗಿನ ಹಂದಿ ಮಾಂಸದ ಸಾರು, ಸೂಪರ್. ಕಾಚಂಪುಳಿ (ಕೊಡಗಿನ ಕಪ್ಪು ಹುಳಿ ರಸ) ಹದವಾಗಿ ಬಿದ್ದು ಕಪ್ಪಗೆ, ದಪ್ಪಗೆ ಇರುತ್ತದೆ. ಕೊಬ್ಬು ಬಾಯಲ್ಲೇ ಕರಗುತ್ತದೆ. ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಸ್ವಲ್ಪ ಗಟ್ಟಿ.

ತೊಂದರೆ ಇರುವುದು ಹಿಂದಿನ ಅಂಗಳದ ಸ್ಪೀಕರಿನದು. ಶನಿವಾರ ಬಂತೆಂದರೆ ರಾತ್ರಿ ಹನ್ನೊಂದಾದರೂ ನಮ್ಮ ಕಿಟಕಿ ಗಾಜು ನಡುಗುತ್ತಿರುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದಂತೆ ಮನೆಗಳಿರುವ ಕಡೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಮ್ಯಾನೇಜರಿಗೆ ಹೇಳಿದರೆ, "ನಮ್ಮತ್ರ ಲೈಸೆನ್ಸ್ ಇದೆ ಸಾರ್" ಅಂದರು. ಇರಲಿ, ಅಬಕಾರಿ ಇಲಾಖೆ ಲೈಸೆನ್ಸ್ ಕೊಡುವುದು ಮದ್ಯ ಮಾರಲು. ಬೀದಿಗೆಲ್ಲ ಡಿಜೆ ಕೇಳಿಸಲು ಅಲ್ವಲ್ಲ! ಅಕ್ಕಪಕ್ಕದವರೆಲ್ಲ ಸಹಿ ಹಾಕಿ ನಗರಸಭೆಗೆ ಅರ್ಜಿ ಕೊಟ್ಟಿದ್ದೇವೆ.

ಊಟಕ್ಕಾದರೆ ಮಧ್ಯಾಹ್ನ ಹೋಗಿ. ಪಾರ್ಸೆಲ್ಲೂ ಸಿಗುತ್ತದೆ.