ವೆಂಗೆ ಹಲಗೆಯ ಮೇಲೆ ಬರಿಗೈ ಆಡಿಸಬೇಡಿ

ಇದನ್ನು ಒಂಬತ್ತೇ ಬೆರಳಲ್ಲಿ ಟೈಪ್ ಮಾಡುತ್ತಿದ್ದೇನೆ, ತಪ್ಪುಗಳಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಬಲಗೈ ನಡುಬೆರಳಿಗೆ ಇನ್ನೂ ಬ್ಯಾಂಡೇಜ್ ಇದೆ. ಗರಗಸ ತಾಗಿದ್ದಲ್ಲ, ಉಳಿ ಜಾರಿದ್ದೂ ಅಲ್ಲ. ಅಕ್ಕಿಕಾಳಿನಷ್ಟು ಉದ್ದದ ಒಂದು ಸಿಬಿರು.

ಮರದ ಹೆಸರು ವೆಂಗೆ. ಕಾಂಗೋ, ಕ್ಯಾಮರೂನ್, ಗ್ಯಾಬೊನ್ ಕಡೆಯ ಕಾಡುಗಳದ್ದು. ಹೊನ್ನೆ ಮರಕ್ಕೆ ತಮಿಳಿನಲ್ಲಿ ವೇಂಗೈ ಎನ್ನುತ್ತಾರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ. ನೆಂಟಸ್ತಿಕೆ ಹುಡುಕುವುದಾದರೆ ಹೊಂಗೆಯ ಹತ್ತಿರ ಹೋಗಬೇಕು. ಈಗಷ್ಟೇ ಕೊಯ್ದ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಭಾಗ, ಹಳದಿ ಮಿಶ್ರಿತ ಕಂದು. ಗಾಳಿಗೆ ಬಿಟ್ಟರೆ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಮೇಲೆ ಕೂದಲೆಳೆಯಂಥ ಕಪ್ಪು ಗೆರೆಗಳು. ಆ ಗೆರೆಗಳಿಗೆ ಮರುಳಾಗಿ ಟೀಪಾಯಿ ಮಾಡಲು ಎರಡು ಹಲಗೆ ತಂದೆ.

ಗಟ್ಟಿ ಮರ ಎಂದು ಎಲ್ಲರೂ ಹೆದರಿಸಿದ್ದರು. ಅದಕ್ಕೆ ತಯಾರಾಗಿಯೇ ಇದ್ದೆ. ಘನ ಮೀಟರಿಗೆ ಸುಮಾರು 870 ಕಿಲೋ ತೂಗುತ್ತದೆ, ತೇಗ 650ರ ಆಸುಪಾಸು. ಉಕ್ಕಿನ ಗುಂಡನ್ನು ಮರದೊಳಗೆ ಅರ್ಧ ಹೂಳಲು ಎಷ್ಟು ಒತ್ತಬೇಕು ಎಂಬ ಜಂಕಾ ಲೆಕ್ಕದಲ್ಲಿ ಇದು ಸುಮಾರು 1,900 ಪೌಂಡ್, ತೇಗ ಸಾವಿರದ ಚಿಲ್ಲರೆ. ಕೀಸುಳಿಯ ಅಲಗು ಬೇಗ ಮೊಂಡಾಗುತ್ತದೆ. ಮತ್ತೆ ಮತ್ತೆ ಸಾಣೆ ಹಿಡಿಯಬೇಕು, ಅಷ್ಟೇ. ಹಲಗೆ ಮಾರಿದವರೂ ಇಷ್ಟನ್ನು ಹೇಳಿದರು. ಸಿಬಿರಿನ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಮರ ಕೀಸಿದ ಮೇಲೆ ನುಣುಪಾಯಿತಾ ಎಂದು ನೋಡಲು ನಾವೇನು ಮಾಡುತ್ತೇವೆ? ಅಂಗೈ ಸವರುತ್ತೇವೆ. ಅದು ಕೈಗೆ ಅಂಟಿದ ಅಭ್ಯಾಸ, ತಲೆಯನ್ನು ಕೇಳಿಕೊಂಡು ಮಾಡುವುದಲ್ಲ. ನಾನೂ ಹಲಗೆಯ ಅಂಚಿನ ಉದ್ದಕ್ಕೂ ಕೈ ಸವರಿದೆ. ಚುಚ್ಚಿದ್ದು ಸರಿಯಾಗಿ ಗೊತ್ತೂ ಆಗಲಿಲ್ಲ. ಬೆಳಕಿಗೆ ಹಿಡಿದರೆ ಚರ್ಮದ ಕೆಳಗೆ ಸಣ್ಣ ಕಪ್ಪು ಗೀರು. ಚಿಮಟದಲ್ಲಿ ಎಳೆದೆ, ಅರ್ಧ ಬಂತು. ಇನ್ನರ್ಧ ಒಳಗೇ ಮುರಿದುಕೊಂಡಿತು. "ನಾಳೆ ತಾನಾಗೇ ಬರುತ್ತೆ ಬಿಡು" ಎಂದುಕೊಂಡು ಕೆಲಸ ಮುಂದುವರಿಸಿದೆ. ಮೂರನೇ ದಿನ ಬೆರಳು ಊದಿ ಬಿಸಿಯಾಗಿತ್ತು, ಉಗುರಿನ ಬುಡ ಪಟಪಟ ಹೊಡೆದುಕೊಳ್ಳುತ್ತಿತ್ತು, ರಾತ್ರಿ ನಿದ್ದೆ ಇಲ್ಲ. ಡಾಕ್ಟರು ಕೊಯ್ದು ಕೀವು ತೆಗೆದು, ಟೆಟನಸ್ ಇಂಜೆಕ್ಷನ್ ಕೊಟ್ಟು, ಆಂಟಿಬಯಾಟಿಕ್ ಬರೆದುಕೊಟ್ಟರು. ವೆಂಗೆಯ ಸಿಬಿರು ಬೇರೆ ಮರದ್ದಕ್ಕಿಂತ ಬೇಗ ಕೀವು ಕಟ್ಟುತ್ತದೆ ಎಂದು ಈ ಮರದಲ್ಲಿ ಕೆಲಸ ಮಾಡಿದವರು ಹೇಳುತ್ತಾರೆ. ನನಗೆ ತಿಳಿದದ್ದು ಬ್ಯಾಂಡೇಜ್ ಬಿದ್ದ ಮೇಲೆ.

ಇಷ್ಟೊಂದು ಸಿಬಿರು ಏಳುವುದು ಮರದ ಕಟ್ಟಿನಿಂದಲೇ. ಕಪ್ಪು ಗೆರೆ ಗಟ್ಟಿ ನಾರು, ನಡುವಿನ ತಿಳಿ ಗೆರೆ ಮೆತ್ತನೆಯ ಭಾಗ. ಎರಡೂ ಒಂದರ ಪಕ್ಕ ಒಂದು, ಪದರ ಪದರ. ಅಲಗು ಸ್ವಲ್ಪ ಮೊಂಡಾಗಿದ್ದರೂ ಗಟ್ಟಿ ಪದರ ಸೂಜಿಯಂತೆ ಎದ್ದು ನಿಲ್ಲುತ್ತದೆ. ಅಡ್ಡ ಕೊಯ್ಯುವಾಗ, ತೂತು ಕೊರೆಯುವಾಗ ಆಚೆ ಬದಿ ಸಿಗಿದುಕೊಂಡು ಬರುತ್ತದೆ. ಹಿಂದೆ ಒಂದು ರದ್ದಿ ಹಲಗೆ ಒತ್ತಿಟ್ಟೇ ಕೊರೆಯಿರಿ. ಸ್ಕ್ರೂಗೆ ಮೊದಲೇ ತೂತು ಮಾಡದಿದ್ದರೆ ಮರ ಸೀಳುತ್ತದೆ. ನನ್ನ ಒಂದು ಕಾಲು ಹಾಗೇ ಹೋಯಿತು. ಟೀಪಾಯಿಯ ಕಾಲು, ಗಾಬರಿ ಬೇಡ.

ಉಜ್ಜುವಾಗಲೂ ಇದೇ ಪದರಗಳ ಕಾಟ. ಸ್ಯಾಂಡ್ ಪೇಪರನ್ನು ಸುಮ್ನೆ ಬೆರಳಲ್ಲಿ ಒತ್ತಿ ಉಜ್ಜಿದರೆ ಮೆತ್ತನೆಯ ಭಾಗ ಜಾಸ್ತಿ ಸವೆದು ಮೇಲ್ಮೈ ಅಲೆಅಲೆಯಾಗುತ್ತದೆ. ಗಟ್ಟಿ ಮರದ ತುಂಡಿಗೆ ಸುತ್ತಿಕೊಂಡು ಉಜ್ಜಬೇಕು. ಪುಡಿಯಂತೂ ಇನ್ನೊಂದು ರಗಳೆ. ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ಮುಂಗೈ ಕೆಂಪಾಗಿ ತುರಿಕೆ, ಕಣ್ಣುರಿ, ಗಂಟಲಲ್ಲಿ ಕೆರೆತ. ವೆಂಗೆ ಪುಡಿಗೆ ಕೆಲವರ ಮೈ ಹೀಗೆ ತಿರುಗಿಬೀಳುತ್ತದಂತೆ, ಮುಟ್ಟಿದಷ್ಟೂ ಜಾಸ್ತಿಯಾಗಲೂಬಹುದು. ಕರವಸ್ತ್ರ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್, ಕನ್ನಡಕ, ತುಂಬುತೋಳಿನ ಅಂಗಿ ಬೇಕು.

ವಾರ್ನಿಷ್ ಬಗ್ಗೆಯೂ ಒಂದು ಮಾತು. ಮರದೊಳಗೆ ಅಲ್ಲಲ್ಲಿ ಅಂಟು ನಿಂತಿರುತ್ತದೆ, ಅಲ್ಲಿ ವಾರ್ನಿಷ್ ಸರಿಯಾಗಿ ಕೂರಲಿಲ್ಲ. ರಂಧ್ರಗಳು ದೊಡ್ಡವು, ಕನ್ನಡಿಯಂಥ ಹೊಳಪು ಬೇಕಿದ್ದರೆ ಮೊದಲು ಫಿಲ್ಲರ್ ತುಂಬಿ. ಕಿಟಕಿ ಪಕ್ಕ ಇಡುವ ಯೋಚನೆ ಇದ್ದರೆ ಕೇಳಿ: ಬಿಸಿಲಿಗೆ ಈ ಕಪ್ಪು ವರ್ಷ ಕಳೆದಂತೆ ತಿಳಿಯಾಗುತ್ತದೆ.

ಕೈಗವಸಿನ ವಿಷಯದಲ್ಲಿ ನನ್ನ ಹಾಗೆ ಅರೆಬರೆ ಬುದ್ಧಿ ಬೇಡ. ಹಲಗೆ ಎತ್ತುವಾಗ, ಸಾಗಿಸುವಾಗ, ಚೂರು ಗುಡಿಸುವಾಗ ದಪ್ಪ ಚರ್ಮದ್ದು ಹಾಕಿಕೊಳ್ಳಿ. ತಿರುಗುವ ಗರಗಸ, ಡ್ರಿಲ್ ಹತ್ತಿರ ಹೋಗುವಾಗ ಬಿಚ್ಚಿಡಿ, ಸಿಕ್ಕಿಕೊಂಡರೆ ಬೆರಳೇ ಹೋಗುತ್ತದೆ. ನುಣುಪು ನೋಡಲು ಹಳೆಯ ನೈಲಾನ್ ಕಾಲುಚೀಲ ಸವರಿ, ಸಿಬಿರಿದ್ದ ಕಡೆ ಅದು ಕಚ್ಚಿಕೊಳ್ಳುತ್ತದೆ. ಸಿಬಿರು ಹೊಕ್ಕರೆ ಅದೇ ದಿನ ಪೂರ್ತಿ ತೆಗೆಸಿ.

ಇನ್ನೊಂದು ಹಲಗೆ ಮೂಲೆಯಲ್ಲಿದೆ. ವೆಂಗೆ, ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಸಂಸ್ಥೆ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಅಳಿವಿನಂಚಿಗೆ ಬಂದಿರುವ ಮರ. ಇದೂ ತರುವ ಮೊದಲು ಗೊತ್ತಿರಲಿಲ್ಲ. ಈಗ ಎಸೆಯಲು ಮನಸ್ಸಿಲ್ಲ, ಮುಟ್ಟಲು ಧೈರ್ಯ ಇಲ್ಲ. ಹಳೆ ಕಂಬಳಿ ಸುತ್ತಿ, ಮೇಲೆ ಕೈಗವಸು ಕಟ್ಟಿಟ್ಟಿದ್ದೇನೆ.