ಮನೆಯಲ್ಲೇ ಓದುವ ಮಗಳಿಗೆ ಎನ್‌ಐಒಎಸ್ ಹತ್ತನೇ ತರಗತಿ: ನಮ್ಮ ಅನುಭವ

ಶಿರಸಿ ಪೇಟೆಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ ನಮ್ಮ ಮನೆ. ಮಗಳು ಐದನೇ ತರಗತಿ ಮುಗಿದ ಮೇಲೆ ಶಾಲೆಗೆ ಹೋಗಿಲ್ಲ. ಮದುವೆ ಮನೆ ಇರಲಿ, ಸೊಸೈಟಿ ಇರಲಿ, ಸಿಕ್ಕವರೆಲ್ಲ ಕೇಳುವುದು ಒಂದೇ: "ಹಂಗಾರೆ ಪರೀಕ್ಷೆಗೆ ಎಂತ ಮಾಡ್ತ್ರಿ?"

ನಮ್ಮಲ್ಲಿ ಮನೆಯಲ್ಲಿ ಓದುವ ಮಕ್ಕಳಿಗೆ ವರ್ಷ ವರ್ಷ ಪರೀಕ್ಷೆ ಬರೆಸಲೇಬೇಕು ಅನ್ನುವ ನಿಯಮ ಇಲ್ಲ. ನನ್ನ ತಂಗಿ ಇರುವ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಾಗಲ್ಲ, ಅಲ್ಲಿ ಪ್ರತಿ ವರ್ಷ ಮಗು ಮಾಡಿದ ಕೆಲಸದ ಕಡತವನ್ನು ಅರ್ಹತೆ ಇರುವ ಮೌಲ್ಯಮಾಪಕರಿಗೆ ತೋರಿಸಬೇಕು, 3, 5, 8ನೇ ತರಗತಿಗೆ ಬೇರೆ ಪರೀಕ್ಷೆಯೂ ಇದೆ. ಇಲ್ಲಿ ನಾವೇ ದಾರಿ ಹುಡುಕಿಕೊಳ್ಳಬೇಕು. ನಾವು ಹಿಡಿದದ್ದು ಎನ್‌ಐಒಎಸ್, ಅಂದರೆ 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ, ದಿನಾ ಶಾಲೆಗೆ ಹೋಗದೆಯೇ ಓದಿ ಪರೀಕ್ಷೆ ಬರೆಯಬಹುದಾದ ಮಂಡಳಿ. ಚಿಕ್ಕ ಮಕ್ಕಳಿಗೂ ಅಲ್ಲಿ 3, 5, 8ನೇ ತರಗತಿಗೆ ಸಮನಾದ ಎ, ಬಿ, ಸಿ ಹಂತಗಳಿವೆ. ಹತ್ತನೇ ತರಗತಿಗೆ 14 ವರ್ಷ ತುಂಬಿರಬೇಕು.

ಐದು ವಿಷಯ ತೆಗೆದುಕೊಂಡಳು: ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ, ಚಿತ್ರಕಲೆ. ಐದನ್ನೂ ಒಟ್ಟಿಗೆ ಬರೆಯಬೇಕಿಲ್ಲ, ಅದೇ ನನಗೆ ತುಂಬಾ ಇಷ್ಟವಾದದ್ದು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್ ಹೊತ್ತಿಗೊಂದು, ಅಕ್ಟೋಬರ್ ಹೊತ್ತಿಗೊಂದು. 5 ವರ್ಷದೊಳಗೆ 9 ಅವಕಾಶ. ಪಾಸಾಗಲು ಶೇಕಡಾ 33 ಸಾಕು.

ಆದರೆ ನಾನು ಮುಖ್ಯವಾಗಿ ಹೇಳಬೇಕಾದದ್ದು ಟಿಎಂಎ ಬಗ್ಗೆ. ಪರೀಕ್ಷೆಗೆ ಮೊದಲೇ ಮನೆಯಲ್ಲಿ ಕೂತು ಪ್ರತಿ ವಿಷಯಕ್ಕೂ ಬರೆದು ಕಳಿಸುವ ಕೆಲಸ ಅದು. ಶೇಕಡಾ 20 ಅಂಕ ಅದಕ್ಕೇ. ಸಣ್ಣ ಸಣ್ಣ ಪ್ರಶ್ನೆ, ಆಮೇಲೆ ಸುಮಾರು 500 ಪದದ ಒಂದು ಪ್ರಾಜೆಕ್ಟ್. ವಿಜ್ಞಾನಕ್ಕೆ ಮಗಳು ಆಮ್ಲ, ಪ್ರತ್ಯಾಮ್ಲದ ವಿಷಯ ಆರಿಸಿಕೊಂಡಳು. ಅಡಿಕೆಗೆ ಕೊಳೆ ರೋಗ ಬರದಂತೆ ಮದ್ದು ಹೊಡೆಯುವ ದಿನಗಳು ಅವು. ಅಪ್ಪನ ಜೊತೆ ನಿಂತು ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕೆಜಿ ಸುಣ್ಣದ ಲೆಕ್ಕದಲ್ಲಿ ಆ ಮದ್ದು, ಅಂದರೆ ಬೋರ್ಡೋ ದ್ರಾವಣ ಕಲಸಿದಳು. ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ತಾಮ್ರ ಕೂತಿತ್ತು. ಅಂದರೆ ಇನ್ನೂ ಆಮ್ಲ ಜಾಸ್ತಿ ಇದೆ, ಸುಣ್ಣ ಸಾಲದು. ಮತ್ತಷ್ಟು ಸುಣ್ಣದ ತಿಳಿ ಹಾಕಿ, ಕತ್ತಿ ಉಜ್ಜಿ ತೊಳೆದು ಮತ್ತೆ ಅದ್ದಿದಳು, ಈ ಸಲ ಅಲಗು ಹಾಗೇ ಬೆಳ್ಳಗೆ ಬಂತು. ಅದನ್ನೇ ಬರೆದಳು. ಅಜ್ಜನ ಕಾಲದಿಂದ ನಮ್ಮ ಅಂಗಳದಲ್ಲಿ ಮಾಡುವ ಕೆಲಸಕ್ಕೆ ಅಂಕ ಬಂದಾಗ ಮನೆಯವರಿಗೆಲ್ಲ ಎಷ್ಟು ಖುಷಿಯಾಯಿತು ಅಂದರೆ, ಆ ಪುಟವನ್ನು ಮಾವ ಬಂದವರಿಗೆಲ್ಲ ತೋರಿಸುತ್ತಿದ್ದರು.

ಇದನ್ನೇ ಹಣಕ್ಕೆ ಬರೆದುಕೊಡುವವರೂ ಇದ್ದಾರೆ. ನೋಂದಣಿಗೆ ಸಹಾಯ ಕೇಳಿಕೊಂಡು ಹೋದ ಒಂದು ಕಡೆ, "ಟಿಎಂಎ ನಮಗೆ ಬಿಡಿ, ಪಾಸ್ ಗ್ಯಾರಂಟಿ" ಅಂದರು. ನನಗೆ ನಿಜವಾಗಿಯೂ ಸಿಟ್ಟು ಬಂತು. ಮಗು ವರ್ಷವಿಡೀ ಕಲಿತದ್ದನ್ನು ತೋರಿಸುವ ಜಾಗವನ್ನೇ ಕಿತ್ತುಕೊಂಡ ಹಾಗಲ್ವಾ? ಮನೆಗೆ ಬಂದು ಅರ್ಜಿ ನಾವೇ ತುಂಬಿದೆವು, ಅಷ್ಟೇನೂ ಕಷ್ಟ ಆಗಲಿಲ್ಲ.

ಕೊರತೆಗಳೂ ಇವೆ. ಎಲ್ಲವೂ ಆನ್‌ಲೈನ್, ನಮ್ಮೂರಲ್ಲಿ ಮಳೆ ಬಂದರೆ ನೆಟ್‌ವರ್ಕ್ ಇಲ್ಲ, ಟಿಎಂಎ ಸ್ಕ್ಯಾನ್ ಮಾಡಿ ಹಾಕಲು ಎರಡು ಸಲ ಶಿರಸಿಗೆ ಹೋದೆವು. ಪರೀಕ್ಷಾ ಕೇಂದ್ರ ನಮಗೆ ಸಿಕ್ಕಿದ್ದು ಹುಬ್ಬಳ್ಳಿಯಲ್ಲಿ. ಬೆಳಿಗ್ಗೆ ಬಸ್ಸಿಗೆ ಹೊರಟರೆ ಘಟ್ಟದ ರಸ್ತೆಯಲ್ಲದಿದ್ದರೂ ಮಗು ಸುಸ್ತು, ಹಾಗಾಗಿ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿದೆವು. ಕಾರವಾರ, ಅಂಕೋಲಾ ಕಡೆಯವರು ಕೇಂದ್ರ ಎಲ್ಲಿ ಸಿಗಬಹುದು ಅಂತ ಅಧ್ಯಯನ ಕೇಂದ್ರದಲ್ಲಿ ಮೊದಲೇ ಕೇಳಿಕೊಳ್ಳಿ. ವಿಜ್ಞಾನ, ಚಿತ್ರಕಲೆ ತೆಗೆದುಕೊಂಡರೆ ಪ್ರಾಯೋಗಿಕ ಪರೀಕ್ಷೆಯ ಓಡಾಟ ಬೇರೆ. ಥಿಯರಿಯಲ್ಲೂ ಪ್ರಾಯೋಗಿಕದಲ್ಲೂ ಬೇರೆ ಬೇರೆಯಾಗಿ ಪಾಸಾಗಬೇಕು, ಇದನ್ನು ಮರೆಯಬೇಡಿ.

ಒಟ್ಟಾರೆ ಎನ್‌ಐಒಎಸ್‌ಗೆ ನಾನು ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಏಪ್ರಿಲ್‌ನಲ್ಲಿ ಕನ್ನಡ, ವಿಜ್ಞಾನ, ಚಿತ್ರಕಲೆ ಮುಗಿಸಿದಳು. ಗಣಿತ, ಇಂಗ್ಲಿಷ್ ಅಕ್ಟೋಬರಿಗೆ ಇಟ್ಟುಕೊಂಡಿದ್ದಾಳೆ, ಆಗಿನ್ನೂ ಅಡಿಕೆ ಕೊಯ್ಲು ಜೋರಾಗಿರುವುದಿಲ್ಲ, ಜಗುಲಿ ಅವಳ ಪುಸ್ತಕಕ್ಕೆ ಖಾಲಿ ಇರುತ್ತದೆ.